ಮಳೆಯಿಲ್ಲದ ಮಳೆಗಾಲ

2021ರ ಜುಲೈ ಮೂರನೆಯ ವಾರದ ಒಂದು ಬೆಳಿಗ್ಗೆ, ಮುಂಬೈಯ ಮುಲುಂಡಿನ ನಮ್ಮ ನಾಲ್ಕನೆಯ ಮಹಡಿಯ ಮನೆಯ ಗ್ರಿಲ್‌ನಲ್ಲಿಟ್ಟಿದ್ದ ಲ್ಯಾವೆಂಡರ್ ಗಿಡವನ್ನು ಕುಂಡದಿಂದ ಎತ್ತಿ, ಅಡುಗೆಮನೆಯ ಕಟ್ಟೆಗೆ ಹಳೆಯ ಪತ್ರಿಕೆ ಹಾಸಿ ಅದರ ಮೇಲೆ ಮಲಗಿಸಿದೆ. ಹತ್ತು ದಿನಗಳಿಂದ ಅದರ ತುದಿಗಳು ಜೋತುಬಿದ್ದಿದ್ದವು. ಬಾಡಿದ ಗಿಡ ಕಂಡರೆ ನೀರು ಹಾಕಬೇಕೆಂಬುದು ಚಿಕ್ಕಂದಿನಿಂದ ಕೈಗೆ ಹತ್ತಿದ ಅಭ್ಯಾಸವಾದ್ದರಿಂದ, ಮಳೆಯ ಎರಚಲು ಬೀಳುತ್ತಿದ್ದರೂ ದಿನವೂ ಒಂದು ಲೋಟ ನೀರು ಹಾಕುತ್ತಲೇ ಇದ್ದೆ. ಈಗ ಒಂದು ಬೇರನ್ನು ಎರಡು ಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಎಳೆದಾಗ, ಅದರ ಹೊರಗಿನ ಕಂದು ಸಿಪ್ಪೆ ಕಾಲುಚೀಲದಂತೆ ಜಾರಿ ಕೈಗೆ ಬಂತು; ಒಳಗೆ ಉಳಿದದ್ದು ಹೊಲಿಗೆಯ ದಾರದಷ್ಟು ತೆಳ್ಳಗಿನ ಎಳೆ ಮಾತ್ರ. ಮಣ್ಣಿನಿಂದ ನಿಂತ ನೀರಿನ ವಾಸನೆ ಬರುತ್ತಿತ್ತು. ಪಕ್ಕದಲ್ಲಿ ನಿಂತು ನೋಡುತ್ತಿದ್ದ ನಮ್ಮ ಮನೆಯವರು, "ಇದು ಬಾಯಾರಿ ಸತ್ತದ್ದಲ್ಲ ಮಾರಾಯ್ತಿ, ಮುಳುಗಿ ಸತ್ತದ್ದು" ಎಂದರು. ಆ ಮಾತು ಅಕ್ಷರಶಃ ನಿಜವಾಗಿತ್ತು. ಮಣ್ಣಿನ ಸಂದುಗಳೆಲ್ಲ ನೀರಿನಿಂದ ತುಂಬಿ ಬೇರಿಗೆ ಗಾಳಿಯಿಲ್ಲದಂತಾಗಿ, ಕೊಳೆರೋಗದ ಶಿಲೀಂಧ್ರಗಳು ಹೊಕ್ಕಿದ್ದವು. ಕೊಳೆತ ಬೇರು ನೀರನ್ನು ಮೇಲಕ್ಕೆಳೆಯಲಾರದು. ಹಾಗಾಗಿ ನೀರಿನ ನಡುವೆ ನಿಂತ ಗಿಡವೂ ಬಾಯಾರಿದ ಗಿಡದಂತೆಯೇ ಬಾಡುತ್ತದೆ, ನೋಡುವವರ ಕಣ್ಣಿಗೆ ಎರಡೂ ಒಂದೇ ಆಗಿ ಕಾಣುತ್ತವೆ.

ಆ ವರ್ಷದ ಜನವರಿಯಲ್ಲಿ ಪುಣೆಯಿಂದ ಬರುವಾಗ ದಾರಿಯ ನರ್ಸರಿಯೊಂದರಿಂದ ಆರು ಗಿಡಗಳನ್ನು ತಂದಿದ್ದೆ: ಲ್ಯಾವೆಂಡರ್ ಎರಡು, ರೋಸ್‌ಮೇರಿ ಎರಡು, ಸೇಜ್ ಮತ್ತು ಥೈಮ್ ಒಂದೊಂದು. ಮೇ ತಿಂಗಳ ಕೊನೆಯವರೆಗೆ ಅವೆಲ್ಲ ಚೆನ್ನಾಗಿಯೇ ಇದ್ದವು. ಆಗಸ್ಟ್ ಮುಗಿಯುವ ಹೊತ್ತಿಗೆ ಉಳಿದದ್ದು ಒಂದು ರೋಸ್‌ಮೇರಿ ಮಾತ್ರ, ಅದೂ ಅರ್ಧ ಒಣಗಿತ್ತು. ಮುಂಬೈಯ ಸೆಖೆಯೇ ಇವನ್ನು ಕೊಂದಿತೆಂದು ಪರಿಚಿತರೆಲ್ಲ ಹೇಳಿದರು. ಆದರೆ ಏಪ್ರಿಲ್, ಮೇ ತಿಂಗಳ ಸೆಖೆಯನ್ನು ದಾಟಿ ಬಂದ ಗಿಡಗಳು ಅದಕ್ಕಿಂತ ತಂಪಾದ ಜುಲೈಯಲ್ಲಿ ಸತ್ತಿದ್ದರಿಂದ ನನಗೆ ಆ ಮಾತು ಒಪ್ಪಿಗೆಯಾಗಲಿಲ್ಲ. ಈ ಗಿಡಗಳ ಊರಾದ ಮೆಡಿಟರೇನಿಯನ್ ನಾಡುಗಳ ಹವೆ ಎಂಥದ್ದೆಂದು ತಿಳಿಯಲು ಕುಳಿತದ್ದು ಹೀಗೆ.

ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ನಾಡುಗಳು, ಕ್ಯಾಲಿಫೋರ್ನಿಯಾ, ಚಿಲಿ ದೇಶದ ನಡುಭಾಗ, ದಕ್ಷಿಣ ಆಫ್ರಿಕಾದ ಕೇಪ್ ಪ್ರದೇಶ, ಆಸ್ಟ್ರೇಲಿಯಾದ ನೈರುತ್ಯ ಮತ್ತು ದಕ್ಷಿಣದ ಅಂಚು, ಈ ಐದು ಕಡೆಗಳಲ್ಲಿ ಮಾತ್ರ ಬೇಸಿಗೆ ಒಣಗಿಯೂ ಚಳಿಗಾಲ ಮಳೆಯಿಂದ ಕೂಡಿಯೂ ಇರುತ್ತದೆ. ಭೂಮಿಯ ನೆಲದಲ್ಲಿ ಇವೆಲ್ಲ ಸೇರಿದರೂ ಶೇಕಡಾ 2ರಷ್ಟೇ ಆಗುತ್ತದೆ, ಆದರೂ ಜಗತ್ತಿನ ಸಸ್ಯ ಪ್ರಭೇದಗಳಲ್ಲಿ ಐದನೆಯ ಒಂದು ಪಾಲಿಗೆ ಹತ್ತಿರದಷ್ಟು ಇಲ್ಲಿಯೇ ಇವೆ. ಗ್ರೀಸ್ ದೇಶದ ಅಥೆನ್ಸ್‌ನಲ್ಲಿ ವರ್ಷವಿಡೀ ಬೀಳುವ ಮಳೆ ಸುಮಾರು 400 ಮಿಲಿಮೀಟರ್. ನಮ್ಮ ಸಾಂತಾಕ್ರೂಜ್‌ನಲ್ಲಿ ಜುಲೈ ಒಂದೇ ತಿಂಗಳ ವಾಡಿಕೆ ಮಳೆ 800 ಮಿಲಿಮೀಟರನ್ನು ದಾಟುತ್ತದೆ. 2005ರ ಜುಲೈ 26ರಂದು, ಮೊಣಕಾಲು ಮುಳುಗುವ ನೀರಿನಲ್ಲಿ ನಾನು ಕಚೇರಿಯಿಂದ ಮನೆಗೆ ನಡೆದು ಬಂದ ಆ ದಿನ, ಅಲ್ಲಿ 24 ಗಂಟೆಗಳಲ್ಲಿ ಸುರಿದದ್ದು 944 ಮಿಲಿಮೀಟರ್. ಅಥೆನ್ಸ್‌ನ ಗಿಡವೊಂದು ಎರಡು ವರ್ಷಗಳಲ್ಲಿ ಕಾಣದ ಮಳೆ ಅದು. ಈ ಅಂಕಿಗಳನ್ನು ಅಕ್ಕಪಕ್ಕ ಬರೆದು ನೋಡುತ್ತಿದ್ದಾಗ ನನಗೆ ಹೊಳೆದ ಸಂಗತಿ ಬೇರೆಯೇ ಆಗಿತ್ತು. ಅಲ್ಲಿ ಹೆಚ್ಚುಕಡಿಮೆ ಮಳೆಯಿಲ್ಲದೆ ಕಳೆಯುವ ತಿಂಗಳುಗಳು ಜೂನ್‌ನಿಂದ ಸೆಪ್ಟೆಂಬರ್. ಇಲ್ಲಿ ಮಳೆ ಸುರಿಯುವ ತಿಂಗಳುಗಳೂ ಅವೇ. ಅಲ್ಲಿ ಗಿಡಗಳು ನೀರು ಕುಡಿದು ಚಿಗುರುವುದು ಅಕ್ಟೋಬರ್ ಕಳೆದ ಮೇಲೆ. ಇಲ್ಲಿ ಹವೆ ತಿಳಿಯಾಗಿ ತುಸು ಚಳಿ ಕಾಣಿಸಿಕೊಳ್ಳುವುದೂ ಆಗಲೇ. ಅಂದರೆ ಪಂಚಾಂಗವನ್ನು ತಿರುಗಿಸುವ ಅಗತ್ಯವೇ ಇಲ್ಲ. ಮೃಗಶಿರ ಮಳೆಯಿಂದ ಹಸ್ತ, ಚಿತ್ತೆಯವರೆಗೆ ಮಳೆಯನ್ನು ಹೊರಗಿಟ್ಟರೆ, ಗಿಡಗಳ ಒಣ ಬೇಸಿಗೆ ಅದರದೇ ತಿಂಗಳುಗಳಲ್ಲಿ ಅವಕ್ಕೆ ಸಿಗುತ್ತದೆ.

ಈ ಮಾತನ್ನು ಶಿರಸಿಯಲ್ಲಿದ್ದ ಆಯಿಗೆ ಫೋನಿನಲ್ಲಿ ಹೇಳಿದಾಗ, ಅವಳು ಹೆಚ್ಚು ಆಶ್ಚರ್ಯಪಡದೆ, "ಮರುಗಕ್ಕೆ ಮಳೆ ಆಗ್ತಿಲ್ಲೆ ಕೂಸೇ" ಎಂದಳು. ಆಗ ನನಗೆ ನಮ್ಮ ಮನೆಯ ಮರುಗದ ಡಬ್ಬಿ ನೆನಪಾಯಿತು. ಎಣ್ಣೆಯ ಹಳೆಯ ತಗಡಿನ ಡಬ್ಬಿಯ ತಳಕ್ಕೆ ಮೊಳೆಯಿಂದ ತೂತು ಹೊಡೆದು ಆಯಿ ಅದರಲ್ಲಿ ಮರುಗ ಬೆಳೆಸುತ್ತಿದ್ದಳು. ಮಳೆ ಹಿಡಿಯುವುದಕ್ಕೆ ಮೊದಲೇ ಅದನ್ನು ಅಂಗಳದಿಂದ ಎತ್ತಿ ಜಗುಲಿಯ ಸೂರಿನಡಿಗೆ ತರುತ್ತಿದ್ದಳು, ದೀಪಾವಳಿಯ ಹೊತ್ತಿಗೆ ಮತ್ತೆ ಅಂಗಳಕ್ಕಿಡುತ್ತಿದ್ದಳು. ದಂಡೆ ಕಟ್ಟುವಾಗ ಸೇವಂತಿಗೆಯ ನಡುವೆ ಸೇರಿಸುವ ಈ ಮರುಗ ಸೈಪ್ರಸ್, ಟರ್ಕಿಗಳ ಕಡೆಯ ಗಿಡವೆಂದೂ, ರೋಸ್‌ಮೇರಿ, ಥೈಮ್‌ಗಳ ಕುಟುಂಬದ್ದೇ ಎಂದೂ ನನಗೆ ಗೊತ್ತಾದದ್ದು ಈಗ. ಮಾಟುಂಗಾ ಸ್ಟೇಷನ್ನಿನ ಹೊರಗಿನ ಹೂವಿನವರ ಬುಟ್ಟಿಯಲ್ಲೂ ಅದು ಇರುತ್ತದೆ. ನಮ್ಮ ನೆರೆಮನೆಯ ಕಾಕೂ ಅದನ್ನು ಮರವಾ ಎನ್ನುತ್ತಾರೆ. ಹೀಗಾಗಿ ನನ್ನ ಹೊಸ ತೋಟದ ಮೊದಲ ಗಿಡವಾಗಿ, ಅದೇ ಅಕ್ಟೋಬರ್‌ನಲ್ಲಿ ಊರಿನಿಂದ ಬರುವಾಗ ಆಯಿಯ ಡಬ್ಬಿಯಿಂದ ನಾಲ್ಕು ಮರುಗದ ಕಡ್ಡಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಬಂದೆ.

ಯೂರೋಪಿನಲ್ಲಿ ಇಂಥ ಗಿಡಗಳಿಗೆ ಮನೆ ಕಟ್ಟಿದ್ದು ಚಳಿಯಿಂದ ಕಾಪಾಡಲೆಂದು. ಇಟಲಿಯ ಪಡುವಾ ಸಸ್ಯೋದ್ಯಾನದಲ್ಲಿ 1585ರಲ್ಲಿ ನೆಟ್ಟ ಮೆಡಿಟರೇನಿಯನ್ ತಾಳೆಯೊಂದು ಗಾಜಿನ ಮನೆಯೊಳಗೆ ಇಂದಿಗೂ ಬದುಕಿದೆ. ಫ್ರಾನ್ಸಿನ ವರ್ಸೇಲ್ಸ್ ಅರಮನೆಯಲ್ಲಿ ಕಿತ್ತಳೆ ಗಿಡಗಳು ಚಳಿಗಾಲ ಕಳೆಯಲೆಂದೇ 1684ರಿಂದ 1686ರ ನಡುವೆ ದೊಡ್ಡದೊಂದು ಕಟ್ಟಡ ಎದ್ದಿತು. ನನಗೆ ಬೇಕಾಗಿದ್ದದ್ದು ಮಳೆಯಿಂದ ಕಾಪಾಡುವ ಮನೆ. ಅದಕ್ಕೆ ಒದಗಿದ್ದು ಪಶ್ಚಿಮಕ್ಕೆ ಮುಖ ಮಾಡಿರುವ ನಮ್ಮ ಬಾಲ್ಕನಿ. ಒಂಬತ್ತು ಅಡಿ ಉದ್ದ, ಮೂರೂವರೆ ಅಡಿ ಅಗಲ, ಮುಂಬೈಯ ಬಹುಪಾಲು ಮನೆಗಳಲ್ಲಿರುವಂತೆ ಜಾರುವ ಗಾಜಿನ ಕಿಟಕಿಗಳಿಂದ ಮುಚ್ಚಿದ್ದು. ಅಲ್ಲಿದ್ದ ಬಟ್ಟೆ ಒಣಗಿಸುವ ಸ್ಟ್ಯಾಂಡನ್ನೂ ಹಳೆಯ ಸೂಟ್‌ಕೇಸುಗಳನ್ನೂ ತೆರವು ಮಾಡಿ, ಎರಡು ಅಂತಸ್ತಿನ ಕಬ್ಬಿಣದ ಚೌಕಟ್ಟು ನಿಲ್ಲಿಸಿದೆವು.

ಎಲ್ಲಕ್ಕಿಂತ ಹೆಚ್ಚು ಸಮಯ ತೆಗೆದುಕೊಂಡದ್ದು ಮಣ್ಣಿನ ಕೆಲಸ, ಮತ್ತು ಈ ಬಗೆಯ ಗಿಡಗಳ ಅಳಿವು ಉಳಿವು ಅರ್ಧಕ್ಕರ್ಧ ಅದರಲ್ಲಿಯೇ ತೀರ್ಮಾನವಾಗುತ್ತದೆಂದು ನಾನು ಈಗ ನಂಬಿದ್ದೇನೆ. ನರ್ಸರಿಗಳಿಂದ ಬರುವ ಗಿಡಗಳ ಬೇರಿಗೆ ಸಾಮಾನ್ಯವಾಗಿ ಕೆಂಪು ಜೇಡಿಯ ಗಟ್ಟಿ ಉಂಡೆ ಮೆತ್ತಿಕೊಂಡಿರುತ್ತದೆ. ಒದ್ದೆಯಾದಾಗ ಅದು ನೀರು ಬಿಡುವುದಿಲ್ಲ, ಒಣಗಿದಾಗ ಇಟ್ಟಿಗೆಯಂತಾಗಿ ನೀರು ಹೀರುವುದಿಲ್ಲ. ಸುತ್ತಲೂ ಎಷ್ಟು ಒಳ್ಳೆಯ ಮಣ್ಣು ತುಂಬಿದರೂ ಬೇರು ಆ ಉಂಡೆಯೊಳಗೇ ಕುಳಿತು ಕೊಳೆಯುತ್ತದೆ. ಆದ್ದರಿಂದ ಹೊಸದಾಗಿ ತಂದ ಪ್ರತಿಯೊಂದು ಗಿಡವನ್ನೂ ಬಕೆಟ್ಟಿನ ನೀರಿನಲ್ಲಿ ಒಂದು ಗಂಟೆ ನೆನೆಯಿಟ್ಟು, ಜೇಡಿಯನ್ನು ಬೆರಳಿನಿಂದ ಬಿಡಿಸಿ, ಬೇರು ಬಿಳಿಯಾಗಿ ಕಾಣುವವರೆಗೆ ತೊಳೆದು ನೆಡುತ್ತೇನೆ. ಈ ಕೆಲಸವನ್ನು ನವೆಂಬರ್, ಡಿಸೆಂಬರ್‌ನಲ್ಲಿ ಮಾತ್ರ ಮಾಡಬೇಕು. ಮಾರ್ಚ್‌ನಲ್ಲಿ ಹೀಗೆ ತೊಳೆದ ಒಂದು ಥೈಮ್ ಸೆಖೆಗೆ ಚೇತರಿಸಿಕೊಳ್ಳಲಾಗದೆ ಹೋಯಿತು.

ತೆಂಗಿನ ನಾರಿನ ಪುಡಿಯನ್ನು ನಾನು ಪೂರ್ತಿಯಾಗಿ ಬಿಟ್ಟೆ. ಅದು ಬೇರೆ ಗಿಡಗಳಿಗೆ ಎಷ್ಟೇ ಒಳ್ಳೆಯದಾದರೂ ಮಳೆಗಾಲದ ಹವೆಯಲ್ಲಿ ವಾರಗಟ್ಟಲೆ ಒದ್ದೆಯಾಗಿಯೇ ಉಳಿಯುತ್ತದೆ. ಈಗ ಬಳಸುವ ಮಿಶ್ರಣದಲ್ಲಿ ಅರ್ಧದಷ್ಟು ಕಲ್ಲು: ಕಟ್ಟಡದವರ ಬಳಿ ಸಿಗುವ ಸಣ್ಣ ಜಲ್ಲಿಯನ್ನು ಜರಡಿ ಹಿಡಿದು ಪುಡಿಯನ್ನು ತೊಳೆದು, ಅದಕ್ಕೆ ಕಡಲೆಕಾಳಿನ ಗಾತ್ರದ ಇಟ್ಟಿಗೆ ಚೂರು ಸೇರಿಸಿದ್ದು. ಉಳಿದರ್ಧದಲ್ಲಿ ದಪ್ಪ ಮರಳು, ಸ್ವಲ್ಪ ಕೆಂಪು ಮಣ್ಣು, ಒಂದು ಮುಷ್ಟಿ ಹಳೆಯ ಎಲೆಗೊಬ್ಬರ. ಮುಂಬೈಯ ಕಲ್ಲು ದಖ್ಖನ್ನಿನ ಕಪ್ಪು ಬಸಾಲ್ಟ್. ಲ್ಯಾವೆಂಡರ್‌ನ ಊರುಗಳಲ್ಲಾದರೋ ಸುಣ್ಣಕಲ್ಲಿನ ಗುಡ್ಡಗಳೇ ಹೆಚ್ಚು. ಅದಕ್ಕಾಗಿ ಕುಮಟಾದ ತಂಗಿಯ ಮನೆಯಿಂದ ಕಡಲ ಚಿಪ್ಪುಗಳನ್ನು ತಂದು, ಉಪ್ಪು ಹೋಗುವಂತೆ ನಾಲ್ಕು ದಿನ ನೀರು ಬದಲಿಸಿ ನೆನೆಸಿ, ಕುಟ್ಟಿ, ಕುಂಡಕ್ಕೆ ಎರಡು ಚಮಚದಂತೆ ಬೆರೆಸುತ್ತೇನೆ. ಕುಂಡಗಳೆಲ್ಲ ಬಣ್ಣ ಬಳಿಯದ ಮಣ್ಣಿನವು, ಏಕೆಂದರೆ ಅವುಗಳ ಗೋಡೆಯಿಂದಲೂ ನೀರು ಆರುತ್ತದೆ.

ನೀರು ಯಾವಾಗ ಹಾಕಬೇಕೆಂಬುದಕ್ಕೆ ಬೆರಳಿನಿಂದ ಮಣ್ಣು ಮುಟ್ಟಿ ನೋಡುವ ಕ್ರಮ ಜಲ್ಲಿ ತುಂಬಿದ ಕುಂಡದಲ್ಲಿ ನಡೆಯುವುದಿಲ್ಲ. ಮೇಲ್ಭಾಗ ಒಂದೇ ದಿನದಲ್ಲಿ ಒಣಗಿ ಕಂಡರೂ ತಳದಲ್ಲಿ ತೇವ ಇರುತ್ತದೆ. ಅಡುಗೆಮನೆಯ ತಕ್ಕಡಿಯೇ ಇದಕ್ಕೆ ಸರಿಯಾದ ಸಾಧನವಾಯಿತು. ಆರು ಇಂಚಿನ ರೋಸ್‌ಮೇರಿ ಕುಂಡ, ನೀರು ಹಾಕಿ ಪೂರ್ತಿ ಸೋರಿದ ಮೇಲೆ, 2 ಕಿಲೋ 800 ಗ್ರಾಂ ತೂಗುತ್ತದೆ. ಅದು 2 ಕಿಲೋ 450ಕ್ಕೆ ಇಳಿದಾಗ ಮತ್ತೆ ನೀರು. ಜನವರಿಯಲ್ಲಿ ಈ ಇಳಿತಕ್ಕೆ ನಾಲ್ಕೈದು ದಿನ ಸಾಕು. ಬಾಲ್ಕನಿಯೊಳಗಿನ ಮೊದಲ ಮಳೆಗಾಲದಲ್ಲಿ, ಅಂದರೆ 2022ರ ಜುಲೈಯಲ್ಲಿ, ಅದಕ್ಕೆ ಹನ್ನೆರಡು ದಿನ ಹಿಡಿಯಿತು. ಗೋಡೆಯ ಕ್ಯಾಲೆಂಡರಿನ ಮೇಲೆ ತೂಕಗಳನ್ನು ಬರೆಯುತ್ತಾ ಹೋದಂತೆ, ಮಳೆಯನ್ನು ಹೊರಗಿಟ್ಟರೂ ಗಾಳಿಯೊಳಗಿನ ನೀರನ್ನು ಹೊರಗಿಡಲಾಗಲಿಲ್ಲವೆಂಬುದು ನಿಚ್ಚಳವಾಯಿತು.

ಬೆಳಕಿನ ಕೊರತೆಯೂ ಅದೇ ಮಳೆಗಾಲದಲ್ಲಿ ತಿಳಿಯಿತು. ಬಯಲಿನ ಮಧ್ಯಾಹ್ನದ ಬಿಸಿಲು, ಬೆಳಕಿನ ಅಳತೆಯಾದ ಲಕ್ಸ್‌ನಲ್ಲಿ, ಒಂದು ಲಕ್ಷದಷ್ಟಿರುತ್ತದೆ. ಮೋಡ ಕವಿದ ಜುಲೈ ಮಧ್ಯಾಹ್ನ, ಗಾಜಿಗೆ ತಾಗಿಸಿ ಹಿಡಿದ ನನ್ನ ಮೊಬೈಲು ತೋರಿಸಿದ್ದು ಎಂಟು ಸಾವಿರ, ಚೌಕಟ್ಟಿನ ಒಳಬದಿಯಲ್ಲಿ ಒಂದೂವರೆ ಸಾವಿರ. ನಮ್ಮ ಕಣ್ಣು ಹೊಂದಿಕೊಂಡುಬಿಡುವುದರಿಂದ ಈ ವ್ಯತ್ಯಾಸ ನಮಗೆ ಗೊತ್ತಾಗುವುದಿಲ್ಲ, ಗಿಡಕ್ಕೆ ಮಾತ್ರ ಅದು ಊಟದ ಲೆಕ್ಕ. ರೋಸ್‌ಮೇರಿಯ ಹೊಸ ಚಿಗುರು ಗಾಜಿನತ್ತ ಬಾಗಿ, ಗೆಣ್ಣು ಗೆಣ್ಣಿನ ನಡುವೆ ಉದ್ದವಾಗಿ, ಮೆದುವಾಗಿ ಬಂತು. ಎಲೆಯನ್ನು ಉಜ್ಜಿದರೆ ಎಂದಿನ ಘಾಟು ಇರಲಿಲ್ಲ. ಮನೆಯವರು ನಲವತ್ತು ವ್ಯಾಟ್‌ನ ಎರಡು ಎಲ್‌ಇಡಿ ಗ್ರೋ ಲೈಟ್‌ಗಳನ್ನು ಗಿಡದ ತುದಿಯಿಂದ ಒಂದು ಗೇಣು ಎತ್ತರದಲ್ಲಿ ತೂಗುಹಾಕಿ, ಬೆಳಿಗ್ಗೆ ಆರರಿಂದ ರಾತ್ರಿ ಎಂಟರವರೆಗೆ ಉರಿಯುವಂತೆ ಟೈಮರ್ ಜೋಡಿಸಿದರು. ದಿನಕ್ಕೆ ಒಂದು ಯೂನಿಟ್‌ಗಿಂತ ತುಸು ಹೆಚ್ಚು ವಿದ್ಯುತ್ತು ಖರ್ಚಾಗುತ್ತದೆ. ಮೂರು ವಾರಗಳಲ್ಲಿ ಹೊಸ ಎಲೆಗಳು ಗಿಡ್ಡವಾಗಿ, ಒತ್ತಾಗಿ ಬರತೊಡಗಿದವು.

ಆದರೂ ಆ ಆಗಸ್ಟ್‌ನಲ್ಲಿ ಬೂದಿರೋಗ ಬಂದೇಬಂತು. ಮೊದಲು ಸೇಜ್‌ನ ಅಗಲ ಎಲೆಗಳ ಮೇಲೆ ರಂಗೋಲಿ ಪುಡಿ ಉದುರಿಸಿದಂತೆ ಕಾಣಿಸಿಕೊಂಡು, ವಾರದೊಳಗೆ ರೋಸ್‌ಮೇರಿಯ ಒಳಗೊಂಬೆಗಳಿಗೆ ಹಬ್ಬಿತು. ರೋಸ್‌ಮೇರಿಯ ಎಲೆಯನ್ನು ಬೂದುಗನ್ನಡಿಯಲ್ಲಿ ನೋಡಿದವರಿಗೆ ಅದರ ರಚನೆ ಯಾವ ಹವೆಗೆ ಹೊಂದಿದ್ದೆಂದು ಹೇಳಬೇಕಾಗಿಲ್ಲ. ಎಲೆಯ ಎರಡೂ ಅಂಚುಗಳು ಕೆಳಕ್ಕೆ ಮಡಚಿ ಒಂದು ಕಿರಿದಾದ ಕಾಲುವೆಯಾಗಿರುತ್ತವೆ. ಆ ಕಾಲುವೆಯ ತುಂಬ ಬಿಳಿಯ ತುಪ್ಪಳ, ಆ ತುಪ್ಪಳದ ಮರೆಯಲ್ಲಿ ಗಿಡ ಉಸಿರಾಡುವ ರಂಧ್ರಗಳು. ಒಣಗಾಳಿಯಲ್ಲಿ ಒಂದಿಷ್ಟು ತೇವವನ್ನು ಹಿಡಿದಿಟ್ಟುಕೊಳ್ಳಲು ಆದ ಏರ್ಪಾಡು ಇದು. ಬಾಲ್ಕನಿಯ ತೇವಾಂಶ ಮಾಪಕ ರಾತ್ರಿಯಿಡೀ ಶೇಕಡಾ 88 ತೋರಿಸುತ್ತಿರುವಾಗ, ಗಾಳಿಯೂ ಅಲುಗದಿರುವಾಗ, ತೇವ ಹಿಡಿದಿಡುವ ಆ ತುಪ್ಪಳವೇ ಗಿಡಕ್ಕೆ ಹೊರೆಯಾಗುತ್ತದೆ.

ಎರಡು ಪುಟ್ಟ ಫ್ಯಾನುಗಳನ್ನು ಎದುರುಬದುರಾಗಿಟ್ಟು ಹಗಲಿರುಳು ತಿರುಗಿಸಿದೆ. ಒಳಗೊಂಬೆಗಳನ್ನು ಕತ್ತರಿಸಿ ಗಿಡದ ನಡುವೆ ಗಾಳಿ ಆಡುವಂತೆ ಮಾಡಿದೆ. ಹೊಸ ಮಚ್ಚೆಗಳು ಕಡಿಮೆಯಾದವು, ನಿಲ್ಲಲಿಲ್ಲ. 2023ರ ಜೂನ್‌ನಲ್ಲಿ, ಬಹಳ ಯೋಚಿಸಿ, ಗಾಳಿಯ ತೇವ ತೆಗೆಯುವ ಡಿಹ್ಯುಮಿಡಿಫೈಯರ್ ಯಂತ್ರವೊಂದನ್ನು ಕೊಂಡೆವು. ರಾತ್ರಿ ಹತ್ತರಿಂದ ನಸುಕಿನ ಮೂರರವರೆಗೆ, ಗಾಜುಗಳನ್ನೂ ಒಳಬಾಗಿಲನ್ನೂ ಮುಚ್ಚಿ ಅದನ್ನು ನಡೆಸಿದರೆ ಮಾಪಕ 60ರ ಹತ್ತಿರಕ್ಕೆ ಇಳಿಯುತ್ತದೆ. ಬೆಳಿಗ್ಗೆ ಎದ್ದು ಅದರ ತೊಟ್ಟಿಯನ್ನು ಎಳೆದಾಗ ಎರಡು ಲೀಟರಿನಷ್ಟು ತಿಳಿನೀರು ಇರುತ್ತದೆ. ಹಿಂದಿನ ಇಡೀ ಮಳೆಗಾಲ ಗಿಡಗಳ ಎಲೆಗಳ ನಡುವೆ ತುಂಬಿಕೊಂಡಿದ್ದ ನೀರು ಇಷ್ಟೆಂದು ಮೊದಲ ದಿನ ಆ ತೊಟ್ಟಿಯನ್ನು ಹಿಡಿದುಕೊಂಡು ನಾನು ಬಹಳ ಹೊತ್ತು ನಿಂತಿದ್ದೆ. ಆ ಜುಲೈಯಲ್ಲಿ ರೋಸ್‌ಮೇರಿ ಕುಂಡದ ತೂಕ ಏಳು ದಿನಕ್ಕೆ ಇಳಿಯಿತು. ಯಂತ್ರಕ್ಕೆ ದಿನಕ್ಕೆ ಒಂದು ಯೂನಿಟ್‌ನಷ್ಟು ಬೇಕು, ಬಾಲ್ಕನಿ ಒಂದೆರಡು ಡಿಗ್ರಿ ಬೆಚ್ಚಗೂ ಆಗುತ್ತದೆ. ಆ ಬಿಸಿಯನ್ನು ಈ ಗಿಡಗಳು ಸಹಿಸಿದಷ್ಟು ಸುಲಭವಾಗಿ ತೇವವನ್ನು ಸಹಿಸುವುದಿಲ್ಲ. ಎಲ್ಲರೂ ಈ ಖರ್ಚು ಮಾಡಬೇಕೆಂದು ನಾನು ಹೇಳುವುದಿಲ್ಲ. ಮರುಗ, ಓರೆಗಾನೋ, ಬೇ ಮತ್ತು ಜೆರೇನಿಯಂಗಳಿಗೆ ಸೂರು, ಜಲ್ಲಿಮಣ್ಣು ಮತ್ತು ಫ್ಯಾನು ಸಾಕು.

ಎಲ್ಲ ಗಿಡಗಳೂ ನನಗೆ ಒಲಿಯಲಿಲ್ಲ. ಸೇಜ್ ಮೂರು ಬಾರಿ ತಂದು ಮೂರು ಬಾರಿ ಕಳೆದುಕೊಂಡೆ. ಸಸ್ಯಶಾಸ್ತ್ರಜ್ಞರು 2017ರಲ್ಲಿ ರೋಸ್‌ಮೇರಿಯನ್ನು ಸೇಜ್‌ನ ಸಾಲ್ವಿಯಾ ಕುಲಕ್ಕೇ ಸೇರಿಸಿದರಂತೆ. ನನ್ನ ಬಾಲ್ಕನಿಯಲ್ಲಿ ಆ ದಾಯಾದಿಗಳ ನಡುವೆ ಅಷ್ಟೊಂದು ಅಂತರ. ಇಂಗ್ಲಿಷ್ ಲ್ಯಾವೆಂಡರ್ ಎಂದು ಮಾರುವ ಗಿಡ ನಿಜವಾಗಿ ಮೆಡಿಟರೇನಿಯನ್ ನಾಡುಗಳ ಬೆಟ್ಟಗಳದ್ದು. ರಾತ್ರಿಯ ಉಷ್ಣತೆ 26 ಡಿಗ್ರಿಗಿಂತ ಕೆಳಗಿಳಿಯದ ನಮ್ಮ ತಿಂಗಳುಗಳನ್ನು ಅದು ದಾಟಲಿಲ್ಲ. ಅದರ ಬದಲಿಗೆ ಎಲೆಯ ಅಂಚು ಗರಗಸದ ಹಲ್ಲಿನಂತಿರುವ ಲ್ಯಾವೆಂಡರ್ ತಂದೆ. ಸೆಖೆಗೆ ಹೆಚ್ಚು ಬಾಳುವ ಈ ಜಾತಿ ಈಗ ಎರಡು ಮಳೆಗಾಲ ಕಂಡಿದೆ, ಜನವರಿಯಿಂದ ಮಾರ್ಚ್‌ವರೆಗೆ ತಿಳಿನೇರಳೆ ಹೂಬಿಡುತ್ತದೆ. ಆಲಿವ್ ಗಿಡ ಮೊದಲ ವರ್ಷ ಅರ್ಧ ಎಲೆ ಉದುರಿಸಿ ಹೆದರಿಸಿತು, ಈಗ ನನ್ನ ಎದೆಯೆತ್ತರಕ್ಕಿದೆ. ಹೂಬಿಡಲು ಅದಕ್ಕೆ ಚಳಿಗಾಲದ ನಿಜವಾದ ಚಳಿ ಬೇಕಾದ್ದರಿಂದ ಇಲ್ಲಿ ಕಾಯಿಯ ಆಸೆ ಇಡುವಂತಿಲ್ಲ. ಫ್ಯಾನಿನ ಗಾಳಿಗೆ ಎಲೆ ಮಗುಚಿ ಬೆಳ್ಳಿಯ ಬೆನ್ನು ತೋರಿಸುವುದನ್ನು ನೋಡಲೆಂದೇ ನಾನು ಅದನ್ನು ಸಾಕಿದ್ದೇನೆ. ಬೇ ಗಿಡದ ಎಲೆಯನ್ನು ಪಲಾವಿಗೆ ಹಾಕುವ ನಮ್ಮ ತೇಜಪತ್ರೆಯೆಂದೇ ಕಾಕೂ ತಿಳಿದಿದ್ದರು. ಎರಡನ್ನೂ ಬೆಳಕಿಗೆ ಹಿಡಿದು ತೋರಿಸಿದೆ: ತೇಜಪತ್ರೆಯಲ್ಲಿ ತೊಟ್ಟಿನಿಂದ ತುದಿಗೆ ಮೂರು ನರಗಳು, ಬೇ ಎಲೆಯಲ್ಲಿ ನಡುವೆ ಒಂದೇ. ತೇಜಪತ್ರೆ ದಾಲ್ಚಿನ್ನಿಯ ಬಳಗದ್ದಾದ್ದರಿಂದ ವಾಸನೆಯೂ ಬೇರೆ.

ಬಿಡುವಿಲ್ಲದ ಕೆಲಸವಿರುವುದು ಚಳಿಗಾಲದಲ್ಲಿ. ಮಳೆಗಾಲವಿಡೀ ಕುಂಡಗಳು ಕೆಳಗಿನ ತೂಕಕ್ಕೆ ಇಳಿದ ಮೇಲೂ ಇನ್ನೆರಡು ದಿನ ಕಾದು ಅರ್ಧ ಲೋಟ ನೀರು ಕೊಡುವ ನಾನು, ಅಕ್ಟೋಬರ್ ನಡುಭಾಗ ಕಳೆದೊಡನೆ ತಳದಿಂದ ಹರಿಯುವಷ್ಟು ಹಾಕುತ್ತೇನೆ. ಗೊಬ್ಬರ ವರ್ಷಕ್ಕೆ ಎರಡೇ ಬಾರಿ, ಅದೂ ಈ ತಿಂಗಳುಗಳಲ್ಲಿ. ಹೆಚ್ಚು ಕೊಟ್ಟರೆ ಚಿಗುರು ಮೆತ್ತಗಾಗಿ ಹಿಟ್ಟುತಿಗಣೆಗೆ ಆಹಾರವಾಗುತ್ತದೆ. ಡಿಸೆಂಬರ್ ಕೊನೆಯಲ್ಲಿ ರೋಸ್‌ಮೇರಿಯ ನಾಲ್ಕು ಇಂಚಿನ ಕಡ್ಡಿಗಳನ್ನು ಕತ್ತರಿಸಿ, ಕೆಳಗಿನ ಎಲೆ ಸವರಿ, ಒದ್ದೆ ಮರಳಿನಲ್ಲಿ ಊರಿದರೆ ಫೆಬ್ರವರಿಯ ಮೊದಲ ವಾರಕ್ಕೆ ಬೇರು ಬಂದಿರುತ್ತದೆ. ಕಡ್ಡಿಯನ್ನು ಎಳೆದು ನೋಡುವ ಆಸೆ ಬಹಳ ಆಗುತ್ತದೆ, ಎಳೆಯಬಾರದು. ತುದಿಯಲ್ಲಿ ಹೊಸ ಹಸಿರು ಕಂಡರೆ ಕೆಳಗೆ ಬೇರು ಬಿಟ್ಟಿದೆಯೆಂದೇ ಅರ್ಥ. ಯಾವುದೇ ಮಳೆಗಾಲದಲ್ಲಿ ಒಂದು ಗಿಡ ಹೋದರೂ ಅದರ ಸಂತಾನ ಉಳಿಯಲೆಂದು ಪ್ರತಿಯೊಂದರ ಎರಡು ಮರಿಗಳನ್ನು ಬೇರೆ ಮನೆಗಳಲ್ಲಿ ಇಟ್ಟಿದ್ದೇನೆ. ಕಾಕೂ ಅವರ ಮನೆಯಲ್ಲಿ ಎರಡು, ಡೊಂಬಿವಲಿಯ ನಾದಿನಿಯ ಮನೆಯಲ್ಲಿ ನಾಲ್ಕು ಇವೆ. ಆಯಿ ತೀರಿಕೊಂಡ ವರ್ಷ ಊರಿನ ಡಬ್ಬಿಯ ಮರುಗ ನೋಡುವವರಿಲ್ಲದೆ ಮಳೆಗೆ ಹೋಯಿತು. ಮುಂದಿನ ದೀಪಾವಳಿಗೆ ಇಲ್ಲಿಂದಲೇ ಕಡ್ಡಿ ಒಯ್ದು ಅಲ್ಲಿ ಊರಿ ಬಂದೆ.

ಮುಂಬೈಯಿಂದ ಮುಂಗಾರು ಹಿಂದೆ ಸರಿಯುವ ವಾಡಿಕೆಯ ದಿನ ಅಕ್ಟೋಬರ್ 8. ನಾನು ಅದಕ್ಕೂ ಒಂದು ವಾರ ಹೆಚ್ಚು ಕಾಯುತ್ತೇನೆ. ಮಾಪಕದ ಅಂಕಿ ಮೂರು ರಾತ್ರಿ ಸತತವಾಗಿ 70ರ ಕೆಳಗಿದ್ದರೆ ಯಂತ್ರವನ್ನು ಒರೆಸಿ ಅದರ ಪೆಟ್ಟಿಗೆಗೆ ಹಾಕಿ, ಗಾಜುಗಳನ್ನೆಲ್ಲ ಪೂರ್ತಿ ತೆರೆದು, ಕುಂಡಗಳನ್ನು ಒಂದೊಂದಾಗಿ ಬಚ್ಚಲಿಗೆ ಒಯ್ಯುತ್ತೇನೆ. ನಾಲ್ಕು ತಿಂಗಳ ನಂತರದ ಮೊದಲ ತುಂಬು ನೀರು ಅದು. ಒಣಗಿದ ಜಲ್ಲಿಯೊಳಕ್ಕೆ ಇಳಿಯುವಾಗ ಸಣ್ಣಗೆ ಸೀಟಿ ಹೊಡೆದಂತೆ ಸದ್ದು ಬರುತ್ತದೆ, ಕುಂಡದ ಗೋಡೆ ಕೆಳಗಿನಿಂದ ಮೇಲಕ್ಕೆ ಕಪ್ಪಾಗುತ್ತಾ ಬರುತ್ತದೆ, ತಳದ ತೂತಿನಿಂದ ಮೊದಲ ಹನಿ ಬೀಳಲು ನಾನು ಬಗ್ಗಿ ಕಾಯುತ್ತೇನೆ. ಮರುಗದ ಕುಂಡಕ್ಕೆ ಮೊದಲು, ಉಳಿದವಕ್ಕೆ ಆಮೇಲೆ.